ದೊಡ್ಡಪ್ಪನ ಹೆಬ್ಬೆರಳಿಗೆ ಲೇಸರ್ ಬೇಕಿತ್ತಾ?

ಹಾನಗಲ್ ಹತ್ತಿರದ ನಮ್ಮ ಊರಲ್ಲಿ ದೊಡ್ಡಪ್ಪ ಉಗುರು ಕತ್ತರಿಸುವುದನ್ನು ಒಮ್ಮೆ ನೋಡಬೇಕು. ಬಿಸಿನೀರಿನ ಬಕೆಟ್‌ನಲ್ಲಿ ಅರ್ಧ ತಾಸು ಕಾಲಿಟ್ಟು ಕೂತು, ಆಮೇಲೆ ಅಡಕೊತ್ತು ಹಿಡಿಯುತ್ತಾರೆ. ನೇಲ್ ಕಟರ್ ಬಾಯಿ ಆ ಉಗುರಿಗೆ ಸಾಲುವುದಿಲ್ಲ. ಅಷ್ಟು ದಪ್ಪ, ಹಳದಿ, ಒಳಗೆ ಪೊಳ್ಳು. ಕತ್ತರಿಸಿದರೆ ಹಿಟ್ಟಿನ ಹಾಗೆ ಪುಡಿ ಉದುರುತ್ತದೆ. "ಅದರಾಗ ನಾ ಅಡಕಿ ಕತ್ತರಸ್ತೀನಿ" ಅಂತ ದೊಡ್ಡವ್ವ ಪ್ರತಿ ಸಲ ಬೈಯುತ್ತಾಳೆ.

ಮೂವತ್ತು ವರ್ಷ ಗದ್ದೆಯ ಕೆಸರಲ್ಲಿ ನಿಂತ ಕಾಲು, ಇರಲಿ ಬಿಡು ಅಂತ ಎಲ್ಲರೂ ಸುಮ್ಮನಿದ್ದೆವು. ಹೋದ ವರ್ಷ ನಾನೇ ಅವರನ್ನು ಹುಬ್ಬಳ್ಳಿಯ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಉಗುರನ್ನು ಮುಟ್ಟಿಯೂ ನೋಡದೆ, "ಫಂಗಸ್ಸು, ಲೇಸರ್ ಮಾಡೋಣ, ನಾಲ್ಕು ಸಿಟ್ಟಿಂಗ್, ಪ್ಯಾಕೇಜ್ ಇದೆ" ಅಂದರು. ರೇಟು ಕೇಳಿ ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು. "ಇಷ್ಟು ರೊಕ್ಕಕ್ಕ ಒಂದು ಆಕಳ ಕರಾ ಬರ್ತೈತಲೋ ತಮ್ಮಾ."

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಬೆಳಕು ಬಿಟ್ಟು ಫಂಗಸ್ ಸಾಯಿಸಬಹುದಾ, ಅಥವಾ ಇದೆಲ್ಲ ಸುಮ್ನೆ ಬುರುಡೆಯಾ?

ಪೂರ್ತಿ ಬುರುಡೆ ಅಲ್ಲ. ರೇಡಿಯೋ ಅಲೆ, ಮೈಕ್ರೋವೇವ್, ಕಣ್ಣಿಗೆ ಕಾಣುವ ಬೆಳಕು, ಎಕ್ಸ್‌ರೇ ಎಲ್ಲ ಒಂದೇ ಮನೆತನದವು, ವಿದ್ಯುತ್ಕಾಂತೀಯ ಅಲೆಗಳು. ಅಲೆಯ ಉದ್ದ ಮಾತ್ರ ಬೇರೆ ಬೇರೆ. ಈ ಮನೆತನದಿಂದ ಚರ್ಮದ ಸೋಂಕಿಗೆ ಮದ್ದು ಹುಡುಕಿದವರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ಆಗ ಚರ್ಮಕ್ಕೂ ಕ್ಷಯ ಬರುತ್ತಿತ್ತು, ಮುಖವನ್ನೇ ತಿಂದುಹಾಕುತ್ತಿತ್ತು. ಫಿನ್ಸೆನ್ ಕಾರ್ಬನ್ ಆರ್ಕ್ ದೀಪದ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ ಗಾಯದ ಮೇಲೆ ಬಿಟ್ಟರು. ನನಗೆ ತುಂಬ ಇಷ್ಟವಾದದ್ದು ಒಂದು ಸಣ್ಣ ಉಪಾಯ. ರಕ್ತ ಬೆಳಕನ್ನು ಹೀರಿಕೊಳ್ಳುತ್ತದೆ, ಒಳಗೆ ಹೋಗಲು ಬಿಡುವುದಿಲ್ಲ. ಅದಕ್ಕೆ ಒಬ್ಬ ನರ್ಸ್ ಪಕ್ಕದಲ್ಲಿ ಕೂತು, ತಣ್ಣೀರು ಹರಿಯುವ ಸ್ಫಟಿಕದ ಮಸೂರವನ್ನು ಚರ್ಮಕ್ಕೆ ಒತ್ತಿ ಹಿಡಿದು, ರಕ್ತವನ್ನು ಆ ಜಾಗದಿಂದ ಆಚೆ ತಳ್ಳಿ, ಒಂದೊಂದು ತಾಸು ಹಾಗೇ ಕೂತಿರುತ್ತಿದ್ದಳಂತೆ. 1903ರಲ್ಲಿ ಫಿನ್ಸೆನ್‌ಗೆ ನೊಬೆಲ್ ಬಂತು. ಮರುವರ್ಷವೇ, 43ನೇ ವಯಸ್ಸಿಗೆ ತೀರಿಕೊಂಡರು.

ಉಗುರಿನ ವಿಷಯ ಬೇರೆ. ಅಲ್ಲಿ ರಕ್ತದ ಬದಲು ಉಗುರೇ ಅಡ್ಡ. ದೊಡ್ಡಪ್ಪನ ಹೆಬ್ಬೆರಳಲ್ಲಿ ಕೂತಿರುವಂಥ ಫಂಗಸ್, ಸಾಮಾನ್ಯವಾಗಿ ಟ್ರೈಕೋಫೈಟಾನ್ ರೂಬ್ರಮ್ ಅನ್ನುವುದು, ಉಗುರಿನ ಗಟ್ಟಿ ಪ್ರೋಟೀನಾದ ಕೆರಾಟಿನ್ ತಿಂದು ಅದರ ಅಡಿಯಲ್ಲೇ ಮನೆ ಮಾಡಿಕೊಂಡಿರುತ್ತದೆ. 254 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣ ಸೂಕ್ಷ್ಮಜೀವಿಗಳ ಡಿಎನ್‌ಎ ಹಾಳುಮಾಡುತ್ತದೆ ನಿಜ, ಆದರೆ ಅದಕ್ಕೆ ದಪ್ಪ ಉಗುರನ್ನು ದಾಟುವ ತಾಕತ್ತಿಲ್ಲ. ಆನ್‌ಲೈನ್‌ನಲ್ಲಿ ಮಾರುವ ಯುವಿ ಟಾರ್ಚ್ ತರಿಸಿ ಕಾಲಿಗೆ ಹಿಡಿಯಬೇಡಿ. ಫಂಗಸ್ಸಿಗೆ ಏನೂ ಆಗುವುದಿಲ್ಲ, ಸುಡುವುದು ನಿಮ್ಮ ಚರ್ಮ.

ಅದಕ್ಕೇ ಉಗುರಿಗೆ ಜಾಸ್ತಿ ಬಳಸುವುದು ಎನ್‌ಡಿ ಯಾಗ್ ಲೇಸರ್. ಅದರ ಅಲೆ 1064 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ಅವಗೆಂಪು. ನಮ್ಮ ಕಣ್ಣಿನ ಆಟ ಸುಮಾರು 400ರಿಂದ 700ರವರೆಗೆ ಅಷ್ಟೇ. ಈ ಅಲೆ ಉಗುರೊಳಗೆ ಇಳಿಯುತ್ತದೆ, ಚರ್ಮದ ಕಪ್ಪು ಬಣ್ಣವೂ ಇದನ್ನು ಅಷ್ಟಾಗಿ ಹೀರುವುದಿಲ್ಲ, ನಮ್ಮಂಥ ಬಣ್ಣದವರಿಗೆ ಅದೊಂದು ಅನುಕೂಲ. ಒಳಗೆ ಹೋಗಿ ಮುಖ್ಯವಾಗಿ ಮಾಡುವ ಕೆಲಸ ಮಾತ್ರ ತೀರಾ ಸಾದಾ. ಬಿಸಿ ಮಾಡುತ್ತದೆ.

ತೊಡಕು ಇಲ್ಲೇ ಇದೆ. ಫಂಗಸ್ ಸಾಯಬೇಕಾದರೆ ಸುಮಾರು 50 ಡಿಗ್ರಿ ಬಿಸಿ ಸ್ವಲ್ಪ ಹೊತ್ತು ನಿಲ್ಲಬೇಕು. ಆದರೆ 45 ಡಿಗ್ರಿ ಹತ್ತಿರ ಬಂದರೆ ಮನುಷ್ಯ ಕಾಲು ಎಳೆದುಕೊಳ್ಳುತ್ತಾನೆ. ಹೀಗಾಗಿ ಯಂತ್ರ ಬೆಳಕನ್ನು ಒಂದೇ ಸಮ ಸುರಿಯುವ ಬದಲು ಚೂರು ಚೂರಾಗಿ ಬಿಡುತ್ತದೆ. ಡಾಕ್ಟರು ಉಗುರಿನ ಮೇಲೆ ಅಡ್ಡಡ್ಡ ಉದ್ದುದ್ದ ಓಡಿಸುತ್ತಾರೆ, ಪೇಶಂಟ್ "ಹಾಂ" ಅಂದರೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತ ನಾಲ್ಕು ಬೀಜಕಗಳು ಉಳಿದರೆ ಮುಗಿಯಿತು, ಮತ್ತೆ ಶುರು.

2010ರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಲೇಸರ್‌ಗಳಿಗೆ ಅನುಮತಿ ಕೊಟ್ಟಿದೆ. ಯಾವುದಕ್ಕೆ ಅಂತ ನೋಡಿ: ಫಂಗಸ್ ಇರುವ ಉಗುರಿನಲ್ಲಿ ಸ್ವಚ್ಛ ಭಾಗವನ್ನು ತಾತ್ಕಾಲಿಕವಾಗಿ ಹೆಚ್ಚಿಸುವುದಕ್ಕೆ. ಗುಣಪಡಿಸುವುದಕ್ಕೆ ಅಂತ ಇಲ್ಲ. ಉಗುರು ಚಂದ ಕಾಣುವುದೂ ಫಂಗಸ್ ಸಾಯುವುದೂ ಬೇರೆ ಬೇರೆ ಲೆಕ್ಕ. ಫಂಗಸ್ ಸಾಯಿಸಲು ನುಂಗುವ ಟರ್ಬಿನಫಿನ್ ಮಾತ್ರೆಯ ಅಂಕಿ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ದಿನಕ್ಕೆ 250 ಮಿಲಿಗ್ರಾಂ, 12 ವಾರ. ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಕಾಲುಗುರಿನ ಫಂಗಸ್ ಹೋದದ್ದು 70% ಜನರಿಗೆ, ಅದರ ಜೊತೆ ಉಗುರೂ ಪೂರ್ತಿ ಸ್ವಚ್ಛವಾದದ್ದು 38% ಜನರಿಗೆ. ಕ್ಲಿನಿಕ್‌ನ ಗೋಡೆಯ ಮೇಲಿನ ಮೊದಲು-ಆಮೇಲೆ ಫೋಟೋಗಳು ಇದರಲ್ಲಿ ಯಾವ ಲೆಕ್ಕ ಹೇಳುತ್ತಿದ್ದವೋ, ನಾನು ಕೇಳಲಿಲ್ಲ.

ಇನ್ನೊಂದು ದಾರಿ ನನಗೆ ಹೆಚ್ಚು ಜಾಣತನದ್ದು ಅನ್ನಿಸುತ್ತದೆ. ಮಿಥಿಲಿನ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿ, ಫಂಗಸ್ ಅದನ್ನು ಹೀರಿಕೊಂಡ ಮೇಲೆ ಕೆಂಪು ಬೆಳಕು ಬಿಡುವುದು. ಬಣ್ಣ ಆ ಬೆಳಕನ್ನು ಹಿಡಿದು ಅಲ್ಲಿರುವ ಆಮ್ಲಜನಕವನ್ನು ಕೆರಳಿಸುತ್ತದೆ, ಅದು ಫಂಗಸ್ಸನ್ನು ಒಳಗಿನಿಂದ ಸುಡುತ್ತದೆ. ಬಣ್ಣ ಇಲ್ಲದ ಕಡೆ ಬೆಳಕು ಸುಮ್ನೆ ಬೆಳಕು. ಆದರೆ ಬಣ್ಣ ಒಳಗಿಳಿಯಬೇಕಾದರೆ ಮೊದಲು ಯೂರಿಯಾ ಮುಲಾಮು ಹಚ್ಚಿ ಉಗುರನ್ನು ಮೆತ್ತಗೆ ಮಾಡಬೇಕು. ಯೂರಿಯಾ ಅಂದ ಕೂಡಲೇ ದೊಡ್ಡಪ್ಪ ಗೊಬ್ಬರದ ಚೀಲದ ಕಡೆ ನೋಡಿದರು! ಅದಲ್ಲ ಮಾರಾಯ್ರೇ.

ಹುಳಕಡ್ಡಿ, ಗಜಕರ್ಣಕ್ಕೂ ಲೇಸರ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ನಮ್ಮ ದೊಡ್ಡ ಪೀಡೆ ಮೆಡಿಕಲ್ ಶಾಪಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಕ್ರೀಮು. ತುರಿಕೆ ನಿಲ್ಲುತ್ತದೆ, ಫಂಗಸ್ ಬೆಳೆಯುತ್ತದೆ.

ಕಡೆಗೆ ದೊಡ್ಡಪ್ಪನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಉಗುರಿನ ಅಡಿಯ ಪುಡಿಯನ್ನು ಬ್ಲೇಡಿನಿಂದ ಕೆರೆದು ಗಾಜಿನ ಮೇಲೆ ಹಾಕಿ, ಎರಡು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟರು. ಅದು ಕೆರಾಟಿನ್ ಕರಗಿಸುತ್ತದೆ, ಫಂಗಸ್ ಕರಗದೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು, ಶಾವಿಗೆ ಎಳೆಯ ಹಾಗೆ ಕವಲೊಡೆದ ಗೆರೆಗಳು. ದಪ್ಪಗಾದ ಉಗುರುಗಳಲ್ಲಿ ಸುಮಾರು ಅರ್ಧ ಫಂಗಸ್ಸೇ ಅಲ್ಲ, ಸೋರಿಯಾಸಿಸ್ ಅನ್ನುವ ಚರ್ಮರೋಗ ಇರಬಹುದು, ಹಳೆಯ ಪೆಟ್ಟು ಇರಬಹುದು, ಹಾಗಾಗಿ ಮೊದಲು ಇದನ್ನೇ ನೋಡಬೇಕಂತೆ. ಆಮೇಲೆ ಲಿವರ್ ಟೆಸ್ಟು, ಆಮೇಲೆ ಮಾತ್ರೆ.

ಈಗ ಎಂಟು ತಿಂಗಳು. ಕಾಲುಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ಲೆಕ್ಕದ ಪ್ರಕಾರ 12 ಆಗಬೇಕಿತ್ತು. ಮೊನ್ನೆ ಹೋದಾಗ ಸ್ಕೇಲ್ ಇಟ್ಟು ನೋಡಿದೆ, ಬುಡದಿಂದ 9 ಮಿಲಿಮೀಟರ್ ಸ್ವಚ್ಛ ಉಗುರು. ವಯಸ್ಸಾದವರಿಗೆ ನಿಧಾನ. ತುದಿ ಇನ್ನೂ ಹಳದಿ, ಅದಕ್ಕಿನ್ನೂ ಅಡಕೊತ್ತೇ ಬೇಕು. ದೊಡ್ಡವ್ವ ತನಗೆ ಬೇರೆ ತರಿಸಿಕೊಂಡಿದ್ದಾಳೆ.