ಮಂಟಾಕ್ಕೆ ತತ್ತಿ ಎಲ್ಲಿಂದ ತರೋಣ?

ಬೆಳಗಾವಿಯಲ್ಲಿ ಕೂತು ಕಡಲ ಪ್ರಾಣಿಗಳ ಪಾಠ ಹೇಳುವವನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಲೆದರ್‌ಬ್ಯಾಕ್ ಆಮೆ, ದೈತ್ಯ ಮಂಟಾ ತೊರಕೆ (ರೆಕ್ಕೆಯಂತೆ ಅಗಲವಾದ, ಚಪ್ಪಟೆ ಮೈಯ ಕಡಲ ಮೀನು) ಎರಡರ ಚಿತ್ರವನ್ನೂ ಪಕ್ಕಪಕ್ಕ ತೋರಿಸಿದರೆ ಸಾಕು, ಯಾರಾದರೂ ಎದ್ದೇ ಏಳುತ್ತಾರೆ. "ಸರ, ಆಮಿ ತತ್ತಿ ಕಾಯ್ದು ಮರಿ ಬಿಡ್ತಾರಲ್ರೀ, ಇದಕ್ಕೂ ಹಂಗ ಮಾಡಿದ್ರ ಆತು!"

ಅವರದೂ ತಪ್ಪಲ್ಲ ಬಿಡಿ. ಆಲಮಟ್ಟಿ ಹಿನ್ನೀರಿಗೆ ಮೀನುಮರಿ ಬಿಡುವುದನ್ನು ನೋಡಿ ಬೆಳೆದವರು. ಕಟ್ಲಾ, ರೋಹು ಲಕ್ಷಗಟ್ಟಲೆ ತತ್ತಿ ಇಡುತ್ತವೆ. ಕಡಿಮೆಯಾದರೆ ಇನ್ನಷ್ಟು ತಂದು ಸುರಿದರಾಯಿತು ಅನ್ನುವ ಲೆಕ್ಕ.

ಆದರೆ ಮಂಟಾ ತತ್ತಿಯನ್ನೇ ಇಡುವುದಿಲ್ಲ. ಮರಿ ಹಾಕುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಅದೂ ಸುಮಾರು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು. ಮುಂದಿನ ಮರಿಗೆ ಎರಡು ವರ್ಷವಾದರೂ ಬೇಕು, ಎಷ್ಟೋ ಸಲ ಇನ್ನೂ ಜಾಸ್ತಿ. ನಮ್ಮ ಎಮ್ಮೆಯೇ ಇದಕ್ಕಿಂತ ಬೇಗ ಕರು ಹಾಕುತ್ತದೆ. ಹೀಗೆ ಹೇಳಿದ ಮೇಲೂ ಒಬ್ಬ ಹಿರಿಯರು ಬಿಡಲಿಲ್ಲ: "ಮೀನ ಅಂತೀರಿ, ತತ್ತಿ ಇಲ್ಲ ಅಂತೀರಿ, ಹೆಂಗ್ರೀ ಇದು?" ಅವರಿಗೆ ಚಹಾ ಕುಡಿಸಿ ಮತ್ತೊಮ್ಮೆ ಹೇಳಿದೆ. ಒಪ್ಪಿದರೋ, ಸುಮ್ನೆ ತಲೆ ಆಡಿಸಿದರೋ, ದೇವರೇ ಬಲ್ಲ.

ಹಾಗಾಗಿ ಏಳು ಮೀಟರ್ ಅಗಲದವರೆಗೆ ಬೆಳೆಯುವ ಈ ಮೀನನ್ನು ಉಳಿಸಲು ಮೊಟ್ಟೆ ಕೇಂದ್ರ, ಅಂದರೆ ಮೊಟ್ಟೆ ಕಾಯ್ದು ಮರಿ ಬಿಡುವ ಜಾಗ, ಕಟ್ಟಲು ಬರುವುದಿಲ್ಲ. ದೊಡ್ಡವು ಸಾಯದಂತೆ ನೋಡಿಕೊಳ್ಳಬೇಕು, ಅಷ್ಟೇ. ಒಂದು ಹೆಣ್ಣು ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು. ಇದರ ಒಣಗಿಸಿದ ಕಿವಿರನ್ನು ಚೀನಾದ ಕಡೆ ಔಷಧಿ ಅಂತ ಮಾರುತ್ತಾರೆ. ಅದರಿಂದ ರೋಗ ವಾಸಿಯಾಗುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. 2020ರಲ್ಲಿ ಐಯುಸಿಎನ್ (ಅಳಿಯುತ್ತಿರುವ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಮಂಟಾವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇನ್ನು ಆಮೆ. ನಮ್ಮ ದೇಶದಲ್ಲಿ ಲೆದರ್‌ಬ್ಯಾಕ್ ಮುಖ್ಯವಾಗಿ ಅಂಡಮಾನ್ ನಿಕೋಬಾರ್ ದಂಡೆಗಳಲ್ಲಿ ಮೊಟ್ಟೆ ಇಡುತ್ತದೆ. ಒಂದೇ ಹಂಗಾಮಿನಲ್ಲಿ ಹಲವು ಸಲ, ಪ್ರತಿ ಸಲವೂ ಹತ್ತಾರು ಮೊಟ್ಟೆ. ಬದುಕುವುದು ತೀರಾ ಕೆಲವೇ ಮರಿ, ಅದಕ್ಕೇ ಮೊಟ್ಟೆ ಕಾಯುವುದರಲ್ಲಿ ಅರ್ಥವಿದೆ. ಹಾಗಂತ ಅಷ್ಟು ಸಾಕು ಅಂದುಕೊಳ್ಳಬೇಡಿ. ಮಲೇಷಿಯಾದ ತೆರೆಂಗ್ಗಾನು ದಂಡೆಯಲ್ಲಿ 1950ರ ದಶಕದಲ್ಲಿ ವರ್ಷವರ್ಷವೂ ಸಾವಿರಾರು ಲೆದರ್‌ಬ್ಯಾಕ್ ಗೂಡುಗಳು ಕಾಣುತ್ತಿದ್ದವು. ಜನ ಮೊಟ್ಟೆ ತಿಂದರು, ಕಡಲಲ್ಲಿ ದೊಡ್ಡವು ಬಲೆಗೆ ಬಿದ್ದವು. ಆಮೇಲೆ ಮೊಟ್ಟೆ ಕೇಂದ್ರ ಮಾಡಿದರೂ ಈಗ ಅಲ್ಲಿ ಹೆಚ್ಚುಕಡಿಮೆ ಏನೂ ಉಳಿದಿಲ್ಲ. ಮರಳು ಬಿಸಿಯಾದರೆ ಹುಟ್ಟುವ ಮರಿಗಳಲ್ಲಿ ಹೆಣ್ಣೇ ಹೆಚ್ಚು. ಕೇಂದ್ರ ನಡೆಸುವವರಿಗೆ ಈ ತಲೆನೋವೂ ಇದೆ.

ಬಲೆಗೆ ಬಿದ್ದಾಗಲೂ ಎರಡಕ್ಕೂ ಒಂದೇ ಉಪಚಾರ ನಡೆಯುವುದಿಲ್ಲ. ಆಮೆ ಉಸಿರಾಡುವುದು ಗಾಳಿ. ನೀರೊಳಗೆ ಸಿಕ್ಕಿಕೊಂಡರೆ ಮುಳುಗಿ ಸಾಯುತ್ತದೆ, ಮೇಲೆ ತಲೆ ಎತ್ತಲು ಅವಕಾಶ ಬೇಕು. ಮಂಟಾ ಉಸಿರಾಡುವುದು ಕಿವಿರಿನಿಂದ, ಅದೂ ಈಜುತ್ತಲೇ ಇರಬೇಕು. ಅದನ್ನು ದೋಣಿಗೆ ಎತ್ತಿ ಫೋಟೊ ತೆಗೆಯುತ್ತಾ ನಿಂತರೆ ಕೆಲಸ ಕೆಟ್ಟಂತೆ. ಕಾರವಾರದ ಕಡೆ ಬಲೆ ಹಾಕುವ ನೆಂಟರಿದ್ದರೆ ಇಷ್ಟು ಹೇಳಿ: ಕಿವಿರಿಗೆ ಕೊಕ್ಕೆ ಹಾಕಿ ಎಳೆಯಬೇಡಿ, ನೀರಲ್ಲಿ ಇರುವಾಗಲೇ ಬಲೆ ಕತ್ತರಿಸಿ ಬಿಡಿ.