ಅಲ್ಗಾಲ್‌ನ ತೂಕ ಸಿಕ್ಕಿದ್ದು ಹೇಗೆ?

ಡಿಸೆಂಬರ್ ತಿಂಗಳ ರಾತ್ರಿ ಕೃತ್ತಿಕೆಯಿಂದ ತುಸು ಉತ್ತರಕ್ಕೆ ಕಣ್ಣು ಹಾಯಿಸಿದರೆ ಪರ್ಸಿಯಸ್ ಪುಂಜದ ಅಲ್ಗಾಲ್ ನಕ್ಷತ್ರ ಕಾಣಸಿಗುತ್ತದೆ. ಸುಮಾರು 2 ದಿನ 21 ಗಂಟೆಗೊಮ್ಮೆ ಅದು ಮಂಕಾಗಿ, ಹತ್ತು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಕಿವಿ ಕೇಳಿಸದ ಹದಿನೆಂಟರ ತರುಣ ಜಾನ್ ಗುಡ್‌ರಿಕ್ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಈ ಅವಧಿಯನ್ನು ಲೆಕ್ಕಹಾಕಿ, ಕಾಣದ ಕಾಯವೊಂದು ಅದಕ್ಕೆ ಅಡ್ಡ ಬರುತ್ತಿರಬಹುದೆಂದು 1783ರಲ್ಲಿ ಸೂಚಿಸಿದ.

ಗ್ರಹಣ ಎಷ್ಟು ಹೊತ್ತು ಹಿಡಿಯಿತು, ಬೆಳಕು ಎಷ್ಟು ಕುಂದಿತು ಎಂಬುದರಿಂದ ತಾರೆಗಳ ಗಾತ್ರವನ್ನು ಅವುಗಳ ನಡುವಣ ಅಂತರದ ಇಷ್ಟನೇ ಭಾಗವೆಂದು ಹೇಳಬಹುದೇ ಹೊರತು ಕಿಲೋಮೀಟರುಗಳಲ್ಲಿ ಹೇಳಲಾಗದು. ನಕಾಶೆ ಕೈಯಲ್ಲಿದ್ದರೂ ಅದರ ಮಾಪಕ ಗೊತ್ತಿಲ್ಲದಂತೆ. ಆ ಮಾಪಕವನ್ನು ಕೊಡುವುದು ರೋಹಿತ, ಅಂದರೆ ತಾರೆಯ ಬೆಳಕು ಬಣ್ಣಬಣ್ಣವಾಗಿ ಹರಡಿದ ಪಟ್ಟಿ. ತಾರೆ ನಮ್ಮಿಂದ ದೂರ ಸರಿಯುವಾಗ ಅದರ ರೋಹಿತದ ಕಪ್ಪು ಗೆರೆಗಳು ಕೆಂಪಿನತ್ತ, ಹತ್ತಿರ ಬರುವಾಗ ನೀಲಿಯತ್ತ ಜರುಗುತ್ತವೆ. ಅಲ್ಗಾಲ್ ಗ್ರಹಣಕ್ಕೆ ಮುನ್ನ ದೂರ ಸರಿಯುತ್ತದೆ, ಆಮೇಲೆ ಸಮೀಪಿಸುತ್ತದೆ ಎಂದು ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಹರ್ಮನ್ ಫೋಗೆಲ್ 1889ರಲ್ಲಿ ತೋರಿಸಿಕೊಟ್ಟಾಗ ಗುಡ್‌ರಿಕ್‌ನ ಊಹೆ ನಿಜವಾಯಿತು.

ಈ ಜರುಗುವಿಕೆ ಎಷ್ಟು ಸೂಕ್ಷ್ಮವೆಂದರೆ, ಪ್ರಕಾಶಮಾನ ತಾರೆಯ ವೇಗ ಸೆಕೆಂಡಿಗೆ ಸುಮಾರು 44 ಕಿ.ಮೀ. ಇದ್ದರೂ ಹಳದಿ ಭಾಗದಲ್ಲಿರುವ ಸೋಡಿಯಂನ ಜೋಡಿ ಗೆರೆಗಳು ಸರಿಯುವುದು ಅವೆರಡರ ನಡುವಿನ ಕಿರಿದಾದ ಸಂದಿಯ ಏಳನೆಯ ಒಂದು ಭಾಗದಷ್ಟು ಮಾತ್ರ. ಆದರೆ ಆ ವೇಗವನ್ನು ಪರಿಭ್ರಮಣೆಯ ಅವಧಿಯಿಂದ ಗುಣಿಸಿದರೆ ಕಕ್ಷೆಯ ಸುತ್ತಳತೆಯೇ ದೊರೆಯುತ್ತದೆ: ಹತ್ತಿರಹತ್ತಿರ 1.1 ಕೋಟಿ ಕಿ.ಮೀ.

ತೂಕಕ್ಕೆ ಮಾತ್ರ ಇಷ್ಟು ಸಾಲದು, ಜೊತೆಗಾರನ ವೇಗವೂ ಬೇಕು. ಅದರ ಮಸುಕು ಗೆರೆಗಳು ಪ್ರಕಾಶಮಾನ ತಾರೆಯ ಪ್ರಭೆಯಲ್ಲಿ ಮುಳುಗಿಹೋಗಿದ್ದವು. ತಣ್ಣನೆಯ ತಾರೆಗಳಲ್ಲಿ ಸೋಡಿಯಂ ಗೆರೆಗಳು ಗಾಢವಾಗಿರುತ್ತವೆ ಎಂಬುದನ್ನೇ ಆಧಾರವಾಗಿಟ್ಟುಕೊಂಡು ಖಗೋಳ ವಿಜ್ಞಾನಿಗಳಾದ ಟಾಮ್‌ಕಿನ್ ಮತ್ತು ಲ್ಯಾಂಬರ್ಟ್ 1978ರಲ್ಲಿ ಅವನ್ನು ಪತ್ತೆಹಚ್ಚಿದರು. ಗುಡ್‌ರಿಕ್‌ನಿಂದ ಇಲ್ಲಿಗೆ 195 ವರ್ಷ! ಜೊತೆಗಾರನ ವೇಗ ಸೆಕೆಂಡಿಗೆ ಸುಮಾರು 200 ಕಿ.ಮೀ., ಅಂದರೆ ನಾಲ್ಕೂವರೆ ಪಟ್ಟು ಹೆಚ್ಚು. ಎರಡೂ ಒಂದೇ ಕೇಂದ್ರವನ್ನು ಸುತ್ತುವುದರಿಂದ ಅದು ಅಷ್ಟೇ ಪಟ್ಟು ಹಗುರವೂ ಹೌದು. ಕಕ್ಷೆ ನಮ್ಮ ನೋಟಕ್ಕೆ ಎಷ್ಟು ಓರೆಯಾಗಿದೆ ಎಂಬುದನ್ನು ರೋಹಿತವೊಂದೇ ತಿಳಿಸಲಾರದು. ಅದನ್ನು ಗ್ರಹಣ ತಿಳಿಸುತ್ತದೆ. ನನ್ನ ದೃಷ್ಟಿಯಲ್ಲಿ ಹೀಗೆ ಒಂದಕ್ಕೊಂದು ಅಡ್ಡ ಬರುವ ಜೋಡಿ ತಾರೆಗಳ, ಅಂದರೆ ಗ್ರಹಣಕಾರಿ ಯುಗ್ಮತಾರೆಗಳ ಬೆಲೆ ಇರುವುದೇ ಇಲ್ಲಿ.

ರೋಹಿತ, ಗ್ರಹಣ ಎರಡರ ಮಾಹಿತಿಯನ್ನೂ ಕೂಡಿಸಿದಾಗ ಪ್ರಕಾಶಮಾನ ತಾರೆ ಸೂರ್ಯನ ಮೂರು ಪಟ್ಟಿಗಿಂತ ಹೆಚ್ಚು ಭಾರವಿದ್ದು, ಜೊತೆಗಾರ ಸೂರ್ಯನ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿದೆ. ವಿಚಿತ್ರವೆಂದರೆ ಬೇಗ ಮುಪ್ಪಾಗಬೇಕಾದ್ದು ಭಾರದ ತಾರೆ. ಇಲ್ಲಿ ಉಬ್ಬಿ ಮುಪ್ಪಿನತ್ತ ಸಾಗಿರುವುದು ಹಗುರವಾದದ್ದು. ಒಂದು ಕಾಲಕ್ಕೆ ಅದೇ ಹೆಚ್ಚು ಭಾರವಿತ್ತು. ಉಬ್ಬುತ್ತಾ ತನ್ನ ದ್ರವ್ಯದ ಬಹುಪಾಲನ್ನು ನೆರೆಯ ತಾರೆಗೆ ಸುರಿದುಬಿಟ್ಟಿತು.