ನಮ್ಮ ‘ಅಂತ’ಕ್ಕೆ ‘ದಟ್’ ಸಮನಲ್ಲ

‘ನಾನು ನಾಳೆ ಬರ್ತೀನಿ ಅಂತ ರವಿ ಹೇಳಿದ.’ ಇದನ್ನು ಇಂಗ್ಲಿಷಿನ ‘ರಿಪೋರ್ಟೆಡ್ ಸ್ಪೀಚ್’ನಲ್ಲಿ, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡುವ ರೀತಿಯಲ್ಲಿ, ಬರೆಯಿರಿ ಎಂದರೆ ಕನ್ನಡ ಮಾಧ್ಯಮದ ಮಕ್ಕಳು ಸಾಮಾನ್ಯವಾಗಿ ಬರೆಯುವುದು ‘ರವಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’. ಕೆಂಪು ಗೀಟೆಳೆದು ‘ಟೆನ್ಸ್ ತಪ್ಪು’ ಎಂದು ಬಿಟ್ಟರೆ ಸಾಲದು. ಆ ವಾಕ್ಯದಲ್ಲಿ ಬರುವವನು ರವಿಯೇ ಅಲ್ಲ, ಬರೆದ ಹುಡುಗ!

ನಮ್ಮ ‘ಅಂತ’, ‘ಎಂದು’ ಆಡಿದ ಮಾತನ್ನು ಇದ್ದ ಹಾಗೇ ಎತ್ತಿ ತರುತ್ತವೆ. ರವಿಯ ‘ನಾನು’ ನಾನಾಗಿಯೇ ಉಳಿದರೂ ಯಾರಿಗೂ ಗೊಂದಲವಿಲ್ಲ. ‘ದಟ್’ ಬಂದರೆ ಇಡೀ ಮಾತನ್ನು ವರದಿ ಮಾಡುವವರು ತಾವು ನಿಂತ ಜಾಗದಿಂದ ಹೇಳಬೇಕು. ಇದಕ್ಕೆ ಹತ್ತಿರವಾದದ್ದು ಪತ್ರಿಕೆಗಳ ಕನ್ನಡದಲ್ಲಿದೆ: ‘ತಾನು ಮರುದಿನ ಬರುವುದಾಗಿ ರವಿ ಹೇಳಿದ.’ ಮೊದಲು ಬಾಯಲ್ಲಿ ಹೀಗೆ ಹೇಳಿಸಿ, ಆಮೇಲೆ ಬರೆಸಿ. ‘ಐ’, ‘ಯು’ಗಳ ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ಆಯಾ ವ್ಯಕ್ತಿಯ ಹೆಸರು ಬರೆಸಿದರೆ ಸರ್ವನಾಮದ ಗೋಜಲು ಅಲ್ಲೇ ಬಿಡುತ್ತದೆ. ನಂತರ ಕ್ರಿಯಾಪದ, ಕೊನೆಗೆ ಕಾಲಸೂಚಕ ಪದ: ‘ರವಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’ ಅದೇ ದಿನ ವರದಿ ಮಾಡುವುದಾದರೆ ‘ಟುಮಾರೋ’ ಸರಿಯೇ. ಆದರೆ ಪರೀಕ್ಷೆಯಲ್ಲಿ ಬದಲಿಸುವುದೇ ಕ್ಷೇಮ. ‘ಸೆಡ್’ ಬದಲು ‘ಸೇಸ್’ ಎಂದು ವರ್ತಮಾನದಲ್ಲಿದ್ದರೆ ಕಾಲ ಹಿಂದೆ ಸರಿಯುವುದಿಲ್ಲ, ‘ವಿಲ್’ ‘ವಿಲ್’ ಆಗಿಯೇ ಉಳಿಯುತ್ತದೆ.

ಹೆಚ್ಚು ಅಂಕ ಸೋರುವುದು ಪ್ರಶ್ನೆಗಳಲ್ಲಿ. ‘ವೇರ್ ಡು ಯು ಲಿವ್?’ ಎಂಬುದು ‘ಶಿ ಆಸ್ಕ್ಡ್ ಮಿ ದಟ್ ವೇರ್ ಡಿಡ್ ಐ ಲಿವ್ಡ್?’ ಆಗಿಬಿಡುತ್ತದೆ. ‘ಎಂದು ಕೇಳಿದಳು’ ಎನ್ನುವ ಅಭ್ಯಾಸದಿಂದ ‘ದಟ್’ ನುಸುಳಿತು. ಪ್ರಶ್ನೆ ಕೇಳುವ ‘ಆಸ್ಕ್ಡ್’ ಬಂದಲ್ಲಿ ಅದಕ್ಕೆ ಜಾಗವಿಲ್ಲ. ‘ಡು’ ಇದ್ದದ್ದು ಪ್ರಶ್ನೆ ಕಟ್ಟಲು ಮಾತ್ರ. ವರದಿಯಾದ ಮೇಲೆ ಅದು ಪ್ರಶ್ನೆಯಲ್ಲ, ಹಾಗಾಗಿ ‘ಡು’ ಬಿದ್ದುಹೋಗಿ ಭೂತಕಾಲದ ಗುರುತು ಕ್ರಿಯಾಪದಕ್ಕೇ ಹತ್ತುತ್ತದೆ: ‘ಶಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್.’ ಪ್ರಶ್ನಾರ್ಥಕ ಚಿಹ್ನೆಯೂ ಹೋಗುತ್ತದೆ. ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ‘ಇಫ್’ ಅಥವಾ ‘ವೆದರ್’ ಸೇರಿಸಬೇಕು.

ಇನ್ನೊಂದು, ‘ನನಗೆ ಹೇಳಿದ’ ಎಂಬುದು ‘ಸೆಡ್ ಮಿ’ ಆಗದು. ‘ಟೋಲ್ಡ್ ಮಿ’ ಅಥವಾ ‘ಸೆಡ್ ಟು ಮಿ’.

ಇದೇ ಕಸರತ್ತು ಪದವಿ ತರಗತಿಯಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಓದುವಾಗ ಕೈಹಿಡಿಯುತ್ತದೆ. ‘ಶಿ ವುಡ್ ಗೋ ಟುಮಾರೋ. ವೈ ಶುಡ್ ಶಿ ವೇಟ್?’ ಎಂಬ ಬಗೆಯ ಸಾಲು ನೋಡಿ. ‘ಐ’ ಹೋಗಿ ‘ಶಿ’ ಬಂದಿದೆ, ‘ವಿಲ್’ ಹೋಗಿ ‘ವುಡ್’ ಬಂದಿದೆ. ಆದರೆ ‘ಟುಮಾರೋ’ ಕದಲಿಲ್ಲ, ಪ್ರಶ್ನೆ ಪ್ರಶ್ನೆಯಾಗಿಯೇ ನಿಂತಿದೆ, ‘ಶಿ ಥಾಟ್’ ಎಂಬ ಮಾತೇ ಇಲ್ಲ. ಹೀಗೆ ಅರ್ಧ ಬದಲಾದ ವಾಕ್ಯ ಕಂಡರೆ ಕಥನ ನಿರೂಪಕರದು, ಯೋಚನೆ ಪಾತ್ರದ್ದು. ಅದನ್ನೇ ಎತ್ತಿ ‘ಇದು ಲೇಖಕಿಯ ಅಭಿಪ್ರಾಯ’ ಎಂದು ಬರೆದರೆ, ಆಸ್ಟಿನ್ ಯಾರನ್ನು ನೋಡಿ ನಗುತ್ತಿದ್ದಾಳೋ ಅವರ ಮಾತನ್ನು ಅವಳ ತಲೆಗೇ ಕಟ್ಟಿದಂತಾಗುತ್ತದೆ.